ಮೆಟ್ಟಿಲಂಚಿನ ಪಟ್ಟಿಗೆ ಯಾವ ಅಂಟು?

ಟೈಲ್ಸ್ ಹಾಕಿದ ಮೆಟ್ಟಿಲಿನ ಅಂಚಿಗೆ ಗೀರುಗಳಿರುವ ಅಲ್ಯೂಮಿನಿಯಂ ಪಟ್ಟಿ ಕೂರಿಸಿರೋದನ್ನ ನಾವೆಲ್ಲ ನೋಡಿರ್ತೀವಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಇದಕ್ಕೆ ಸ್ಟೆಪ್ ನೋಸಿಂಗ್ ಅಂತಾರೆ. ಇದರ ಕೆಲಸ ಎರಡು: ಟೈಲ್‌ನ ಅಂಚು ಒಡೆಯದಂತೆ ಕಾಯುವುದು, ಮಳೆಗಾಲದಲ್ಲಿ ಒದ್ದೆ ಚಪ್ಪಲಿ ಜಾರದಂತೆ ಹಿಡಿತ ಕೊಡುವುದು. ಆದರೆ ಈ ಪಟ್ಟಿಯ ಒಂದು ತುದಿ ಕಿತ್ತು ಮೇಲೆದ್ದರೆ, ಪಟ್ಟಿಯೇ ಇಲ್ಲದ ಮೆಟ್ಟಿಲಿಗಿಂತ ಅದು ಅಪಾಯ. ಇಳಿಯುವಾಗ ಕಾಲು ಅದಕ್ಕೆ ಸಿಕ್ಕಿಕೊಂಡರೆ ಹಿಡಿದುಕೊಳ್ಳೋಕೆ ಸಮಯವೂ ಸಿಗಲ್ಲ. ಹಾಗಾಗಿ "ಯಾವ ಅಂಟು ಹಾಕಬೇಕು?" ಅನ್ನೋ ಪ್ರಶ್ನೆ ಚಿಕ್ಕದೇನಲ್ಲ.

ಎಲ್ಲರ ಬಾಯಲ್ಲೂ ಮೊದಲು ಬರೋ ಉತ್ತರ "ಅತಿ ಗಟ್ಟಿ ಅಂಟು". ಲೆಕ್ಕ ಹಾಕಿ ನೋಡೋಣ. ಪಟ್ಟಿಯ ಉದ್ದ 1.2 ಮೀಟರ್, ಅಗಲ 40 ಮಿ.ಮೀ. ಅಂದುಕೊಳ್ಳಿ. ಅದರಲ್ಲಿ ಅರ್ಧ ಜಾಗಕ್ಕೆ ಮಾತ್ರ ಅಂಟು ತಾಗಿದ್ದರೂ 24,000 ಚದರ ಮಿ.ಮೀ. ಆಗುತ್ತೆ. ಅಂಟಿನ ಶಿಯರ್ ಸಾಮರ್ಥ್ಯ ಚದರ ಮಿ.ಮೀ.ಗೆ ಬರೀ 1.5 ನ್ಯೂಟನ್ ಇದ್ದರೂ ಒಟ್ಟು 36,000 ನ್ಯೂಟನ್, ಅಂದರೆ ಮೂರೂವರೆ ಟನ್‌ಗಿಂತ ಹೆಚ್ಚು. 70 ಕೆ.ಜಿ. ತೂಕದ ವಿದ್ಯಾರ್ಥಿಯ ಪೂರ್ತಿ ಭಾರವೇ ಸುಮಾರು 700 ನ್ಯೂಟನ್. ಕಾಗದದ ಮೇಲೆ ನೋಡಿದರೆ ಸಾಧಾರಣ ಅಂಟೂ ಸಾಕೋ ಸಾಕು. ಹಾಗಿದ್ದರೂ ಪಟ್ಟಿಗಳು ಕಿತ್ತು ಬರ್ತಾನೇ ಇರುತ್ತವೆ, ಅದೂ ಹೆಚ್ಚಾಗಿ ತುದಿಯಿಂದಲೇ. ಯಾಕೆ?

ಮೊದಲ ಕಾರಣ ಬಿಸಿಲು. ಒಂದು ಡಿಗ್ರಿ ಬಿಸಿಯೇರಿದರೆ ಅಲ್ಯೂಮಿನಿಯಂ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 23 ಭಾಗ ಹಿಗ್ಗುತ್ತೆ, ಟೈಲ್ ಸುಮಾರು 7 ಭಾಗ ಮಾತ್ರ. ಬಳ್ಳಾರಿಯಲ್ಲೋ ಕಲಬುರಗಿಯಲ್ಲೋ ಬಿಸಿಲು ಬೀಳುವ ಹೊರಮೆಟ್ಟಿಲು ಬೆಳಗ್ಗೆಯಿಂದ ಮಧ್ಯಾಹ್ನಕ್ಕೆ 35 ಡಿಗ್ರಿ ಹೆಚ್ಚು ಕಾದರೆ, 1.2 ಮೀಟರ್ ಪಟ್ಟಿ ಸುಮಾರು 0.97 ಮಿ.ಮೀ. ಹಿಗ್ಗಲು ನೋಡುತ್ತೆ, ಕೆಳಗಿನ ಟೈಲ್ 0.29 ಮಿ.ಮೀ. ಮಾತ್ರ. ವ್ಯತ್ಯಾಸ ಸುಮಾರು 0.68 ಮಿ.ಮೀ. ಮಧ್ಯಭಾಗ ಅಲುಗಲ್ಲ ಅಂತಿಟ್ಟುಕೊಂಡರೆ ಒಂದೊಂದು ತುದಿಗೂ 0.34 ಮಿ.ಮೀ. ಪಾಲು.

ಈಗ ಅಂಟಿನ ಪದರ ನೋಡಿ. ಪದರ 2 ಮಿ.ಮೀ. ದಪ್ಪವಿದ್ದು ರಬ್ಬರಿನಂತೆ ಬಾಗುವಂಥದ್ದಾದರೆ, 0.34 ಅನ್ನು 2ರಿಂದ ಭಾಗಿಸಿ: ತುದಿಯಲ್ಲಿ ಬೀಳೋ ಶಿಯರ್ ಸ್ಟ್ರೇನ್ 17%. ರಬ್ಬರಿನಂಥ ಅಂಟಿಗೆ ಅದು ಲೆಕ್ಕಕ್ಕೇ ಇಲ್ಲ. ಪದರ 0.1 ಮಿ.ಮೀ. ಆಗಿದ್ದರೆ ಅದೇ ಲೆಕ್ಕ 340% ಅನ್ನುತ್ತೆ. ಗಟ್ಟಿ ಅಂಟು ಅಷ್ಟು ಜಗ್ಗುವುದೇ ಇಲ್ಲ. ಅದು ಲೋಹವನ್ನು ಹಿಗ್ಗಲು ಬಿಡದೆ ಹಿಡಿದುಕೊಳ್ಳುತ್ತೆ, ಎಳೆದಾಟವೆಲ್ಲ ತುದಿಗಳಲ್ಲಿ ಒತ್ತಡವಾಗಿ ಸೇರುತ್ತೆ. ದಿನಾ ಇದೇ ನಡೆದರೆ ಬಿರುಕು ಅಲ್ಲಿಂದಲೇ ಶುರು.

ಎರಡನೇ ಕಾರಣ ಪೀಲ್. ಶಿಯರ್‌ನಲ್ಲಿ ಭಾರ ಇಡೀ ಅಂಟಿಗೆ ಹಂಚಿಹೋಗುತ್ತೆ. ಆದರೆ ತುದಿ ಒಮ್ಮೆ ಎದ್ದ ಮೇಲೆ ಶೂ ತಾಗಿದಾಗ ಬಲ ಒಂದೇ ಒಂದು ಗೆರೆಯ ಮೇಲೆ ಬೀಳುತ್ತೆ. ಸೆಲ್ಲೋ ಟೇಪನ್ನು ಅಡ್ಡ ಎಳೆದರೆ ಬರಲ್ಲ, ತುದಿ ಎತ್ತಿ ಎಳೆದರೆ ಸಲೀಸಾಗಿ ಬರುತ್ತಲ್ಲ, ಹಾಗೆ.

ಈ ಎರಡು ಕಾರಣ ತಲೆಯಲ್ಲಿಟ್ಟುಕೊಂಡು ಅಂಗಡಿಯ ಕಪಾಟು ನೋಡೋಣ.

ಬಿಳಿ ಫೆವಿಕಾಲ್ ಮರದ ಕೆಲಸದ್ದು. ಅದರಲ್ಲಿರೋ ನೀರು ಹೊರಹೋದರೆ ಮಾತ್ರ ಅದು ಒಣಗೋದು. ಲೋಹ ನೀರು ಹೀರಲ್ಲ, ವಿಟ್ರಿಫೈಡ್ ಟೈಲ್ ಹೀರುವ ನೀರು 0.5 ಶೇಕಡಾಕ್ಕಿಂತಲೂ ಕಡಿಮೆ. ಮೊಳೆ ಬೇಡ ಅಂತ ಮಾರುವ ಪೇಸ್ಟ್‌ಗಳಲ್ಲೂ ನೀರು ಅಥವಾ ಸಾಲ್ವೆಂಟ್ ಆರಿಯೇ ಗಟ್ಟಿಯಾಗುವಂಥವು ಇವೆ. ಅವಕ್ಕೂ ಇದೇ ಕಷ್ಟ. ಫೆವಿಕ್ವಿಕ್ ಥರದ ಸೈನೊಅಕ್ರಿಲೇಟ್ ಬೇಗ ಹಿಡಿಯುತ್ತೆ, ಆದರೆ ಪದರ ತೀರಾ ತೆಳು, ಪೆಡಸು. ಅರಾಲ್ಡೈಟ್‌ನಂಥ ಎಪಾಕ್ಸಿಗೆ ಶಕ್ತಿ ಚೆನ್ನಾಗಿದೆ, ಗಾಳಿಯೂ ಬೇಕಿಲ್ಲ. ನೆರಳಿನಲ್ಲಿರುವ ಒಳಮೆಟ್ಟಿಲಿಗೆ, ಗಿಡ್ಡ ಪಟ್ಟಿಗೆ ಪರವಾಗಿಲ್ಲ. ಬಿಸಿಲಿನ ಉದ್ದ ಪಟ್ಟಿಗೆ ಅದರ ಬಿಗಿತವೇ ಶತ್ರು. ಸಿಲಿಕೋನ್ ಚೆನ್ನಾಗಿ ಬಾಗುತ್ತೆ, ಆದರೆ ಹರಿಯೋದೂ ಸುಲಭ. ವಿನೆಗರ್ ವಾಸನೆ ಬರುವ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತೆ. ಹಿತ್ತಾಳೆ, ಜಿಂಕ್ ಲೇಪನ, ಅಮೃತಶಿಲೆ ಇರುವ ಕಡೆ ಅದು ಬೇಡವೇ ಬೇಡ. ಜೊತೆಗೆ ಸಿಲಿಕೋನ್ ಉಳಿದ ಜಾಗಕ್ಕೆ ಮುಂದೆ ಬೇರೆ ಅಂಟು ಹಿಡಿಯೋದು ಕಷ್ಟ.

ಉಳಿದದ್ದು ಪಾಲಿಯುರೆಥೇನ್ ಮತ್ತು ಎಂಎಸ್ ಪಾಲಿಮರ್. ಎರಡೂ ಗನ್‌ಗೆ ಹಾಕುವ ಟ್ಯೂಬಿನಲ್ಲಿ ಬರುತ್ತವೆ, ಒಣಗಿದ ಮೇಲೂ ರಬ್ಬರಿನಂತೆ ಬಾಗುತ್ತವೆ, ಸಂದು ತುಂಬುತ್ತವೆ. ಪಾಲಿಯುರೆಥೇನ್‌ಗೆ ನುಣುಪಾದ ಮೇಲ್ಮೈ ಮೇಲೆ ಪ್ರೈಮರ್ ಬೇಕಾಗಬಹುದು. ಎಂಎಸ್ ಪಾಲಿಮರ್ ಸಾಮಾನ್ಯವಾಗಿ ಪ್ರೈಮರ್ ಇಲ್ಲದೆಯೇ ಲೋಹಕ್ಕೂ ಟೈಲ್‌ಗೂ ಹಿಡಿಯುತ್ತೆ. ನಮ್ಮ ಆಯ್ಕೆ ಇದೇ.

ಆದರೆ ಇದಕ್ಕೊಂದು ಷರತ್ತಿದೆ. ಈ ಅಂಟು ಗಟ್ಟಿಯಾಗೋದು ಗಾಳಿಯ ತೇವಾಂಶದಿಂದ, ದಿನಕ್ಕೆ ಹೆಚ್ಚೆಂದರೆ 2–3 ಮಿ.ಮೀ. ಆಳಕ್ಕೆ. ಪಟ್ಟಿಯ ಅಡಿಗೆಲ್ಲ ಬೆಣ್ಣೆ ಸವರಿದ ಹಾಗೆ ಸವರಿದರೆ, ನಡುವಿನ ಅಂಟಿಗೆ ತೇವ ತಲುಪಲು 20 ಮಿ.ಮೀ. ದಾಟಬೇಕು, ವಾರ ಕಳೆದರೂ ಒಳಗೆ ಹಸಿಯೇ. ಅದಕ್ಕೆ ಸಾಲು ಎಳೀಬೇಕು: ಮೇಲ್ಭಾಗಕ್ಕೆ 5 ಮಿ.ಮೀ. ದಪ್ಪದ ಎರಡು ಸಾಲು, ಮುಂದಕ್ಕೆ ಮಡಿಚಿದ ಭಾಗಕ್ಕೆ ಒಂದು. ನಡುವಿನ ಖಾಲಿ ಜಾಗವೇ ಗಾಳಿಯ ದಾರಿ. 290 ಮಿ.ಲೀ. ಟ್ಯೂಬ್ ಹೀಗೆ ಸುಮಾರು 4 ಮೆಟ್ಟಿಲಿಗೆ ಆಗುತ್ತೆ. ಕೊಳ್ಳುವಾಗ ಟ್ಯೂಬಿನ ಮೇಲಿನ ಎಕ್ಸ್‌ಪೈರಿ ದಿನಾಂಕ ನೋಡಿ.

ಅಂಟು ಎಷ್ಟೇ ಒಳ್ಳೆಯದಾದರೂ ಕೆಳಗೆ ಧೂಳು, ಫಿನಾಯಿಲ್, ಎಣ್ಣೆ ಇದ್ದರೆ ಅದು ಕೊಳೆಗೆ ಅಂಟುತ್ತೆ ಹೊರತು ಟೈಲ್‌ಗಲ್ಲ. ಮೊದಲು ನಾಣ್ಯದಿಂದ ಟೈಲ್ ತಟ್ಟಿ. ಟೊಳ್ಳು ಸದ್ದು ಬಂದರೆ ಟೈಲನ್ನೇ ಮೊದಲು ಸರಿಮಾಡಿಸಬೇಕು. ಹಳೇ ಅಂಟು ಹೆರೆದು, ಪಟ್ಟಿಯ ಅಡಿಭಾಗವನ್ನು 120 ನಂಬರ್ ಸ್ಯಾಂಡ್ ಪೇಪರ್‌ನಿಂದ ಉಜ್ಜಿ, ಎರಡನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಒಂದು ಹನಿ ನೀರು ಬಿಟ್ಟು ನೋಡಿ: ಲೋಹದ ಮೇಲೆ ಹರಡಿಕೊಂಡರೆ ಸರಿ, ಮುತ್ತಿನಂತೆ ನಿಂತರೆ ಜಿಡ್ಡು ಇನ್ನೂ ಇದೆ. ನೀರು ಪೂರ್ತಿ ಒರೆಸಿ ಆರಿದ ಮೇಲೆ ಅಂಟು ಹಾಕಿ.

ಪದರ 2 ಮಿ.ಮೀ. ಉಳಿಯಲು ಟೈಲ್ಸ್ ಮೇಸ್ತ್ರಿಗಳು ಬಳಸುವ ಸ್ಪೇಸರ್ ತುಂಡುಗಳನ್ನು ಅಡಿಗಿಡಿ. ಪಟ್ಟಿಯ ತುದಿಗೂ ಗೋಡೆಗೂ ನಡುವೆ 2–3 ಮಿ.ಮೀ. ಬಿಡಿ. ಮೇಲೆ ಇಟ್ಟಿಗೆ ಹೇರಿ, ಆ ಮೆಟ್ಟಿಲಿಗೆ ಎರಡು ದಿನ ಯಾರೂ ಕಾಲಿಡದಂತೆ ಹಗ್ಗ ಕಟ್ಟಿ. ಹಿಂದಿನ ಅಂಚಿನ ಸಂದನ್ನು ಅಂಟು ಪೂರ್ತಿ ಗಟ್ಟಿಯಾದ ಮೇಲೆ ಮುಚ್ಚಿ, ಮೊದಲೇ ಮುಚ್ಚಿದರೆ ಗಾಳಿಯ ದಾರಿ ಬಂದ್.

ಎಲ್ಲಾ ಕಡೆಗೂ ಅಂಟೇ ಉತ್ತರ ಅಲ್ಲ. ದಿನಾ ನೂರಾರು ಜನ ಓಡಾಡುವ ಮೆಟ್ಟಿಲಿಗೆ ಅಂಟಿನ ಜೊತೆ ಸ್ಕ್ರೂ ಕೂಡ ಇರಲಿ. ಟೈಲ್ಸ್ ಹೊಸದಾಗಿ ಹಾಕಿಸುತ್ತಿದ್ದರೆ, ಟೈಲ್ ಅಡಿಗೇ ಕೂರುವ ತೂತಿನ ಕಾಲಿರುವ ಪಟ್ಟಿ ಇನ್ನೂ ಒಳ್ಳೆಯದು. ಅದಕ್ಕೆ ಸ್ಟೀಲಿನದ್ದು ತೆಗೆದುಕೊಳ್ಳಿ. ಹಸಿ ಸಿಮೆಂಟಿನ ಕ್ಷಾರ ಬರೀ ಅಲ್ಯೂಮಿನಿಯಂ ಅನ್ನು ತಿನ್ನುತ್ತೆ.

ಇನ್ನು ಕ್ಯಾಂಪಸ್ಸಿನಲ್ಲಿ ಎಲ್ಲಾದರೂ ಪಟ್ಟಿ ಕಿತ್ತಿದ್ದರೆ ಮೊದಲು ಮೇಂಟೆನೆನ್ಸ್‌ನವರಿಗೆ ಹೇಳಿ, ಆಮೇಲೆ ಅದನ್ನ ತಿರುಗಿಸಿ ನೋಡಿ. ಅಂಟೆಲ್ಲ ಟೈಲ್ ಮೇಲೇ ಉಳಿದು ಲೋಹ ಬೋಳಾಗಿದ್ದರೆ ಲೋಹವನ್ನು ಉಜ್ಜಿ ಒರೆಸಿಲ್ಲ. ಲೋಹದ ಮೇಲೇ ಉಳಿದಿದ್ದರೆ ಟೈಲ್ ಕೊಳೆಯಾಗಿತ್ತು. ಎರಡೂ ಕಡೆ ಹರಿದು ಉಳಿದಿದ್ದರೆ ಸೋತಿದ್ದು ಅಂಟೇ. ಆಗ ಮಾತ್ರ ಬೇರೆ ಅಂಟು ಹುಡುಕಿ.