ಸಂಕಷ್ಟದಲ್ಲಿ ವಿಶ್ವಾಸ: ಕ್ಯಾಸನೂರು ಕಲಿಸುವ ಪಾಠ

ಮಾನವನ ಬದುಕಿನಲ್ಲಿ ಸುಖದಷ್ಟೇ ದುಃಖವೂ ಸಹಜ. ದೇವರನ್ನು ನಂಬಿದ ಮಾತ್ರಕ್ಕೆ ರೋಗ, ಸಾಲ, ಸಾವುಗಳು ಯಾರ ಮನೆಯ ಬಾಗಿಲನ್ನೂ ಬಿಟ್ಟು ಮುಂದೆ ಹೋಗುವುದಿಲ್ಲ. ಪ್ರಭು ಯೇಸುಕ್ರಿಸ್ತರು ತಮ್ಮ ಶಿಷ್ಯರಿಗೆ ಸುಗಮವಾದ ಹಾದಿಯನ್ನು ವಾಗ್ದಾನ ಮಾಡಲಿಲ್ಲ; ಅನುದಿನವೂ ಶಿಲುಬೆಯನ್ನು ಹೊತ್ತು ತಮ್ಮನ್ನು ಹಿಂಬಾಲಿಸಬೇಕೆಂದು ಕರೆ ನೀಡಿದರು. ಆ ಶಿಲುಬೆಯನ್ನು ಹೊರುವ ಬಗೆ ಹೇಗೆ? ಉತ್ತರಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ. ಸೊರಬ ತಾಲ್ಲೂಕಿನ ಒಂದು ಕಾಡೇ ಅದನ್ನು ಕಲಿಸಬಲ್ಲದು.

1957ರ ಬೇಸಿಗೆಯ ಆರಂಭದಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತು ಬಿದ್ದವು. ಅದೇ ವೇಳೆಗೆ ಸುತ್ತಲಿನ ಹಳ್ಳಿಗರು ತೀವ್ರ ಜ್ವರದಿಂದ ಹಾಸಿಗೆ ಹಿಡಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಪರೀಕ್ಷಿಸಿ, ಇದು ಹೊಸದೊಂದು ವೈರಾಣುವಿನಿಂದ ಬರುವ ರೋಗವೆಂದೂ ಕಾಡಿನ ಉಣುಗುಗಳ ಕಡಿತದಿಂದ ಹರಡುತ್ತದೆಂದೂ ಕಂಡುಕೊಂಡರು. ವೈದ್ಯಶಾಸ್ತ್ರಕ್ಕೆ ಅದು ಕ್ಯಾಸನೂರು ಕಾಡಿನ ಕಾಯಿಲೆ. ಮಲೆನಾಡಿನವರ ಬಾಯಲ್ಲಿ ಮಂಗನ ಕಾಯಿಲೆ. ಮೊದಲ ವರ್ಷಗಳಲ್ಲಿ ಸಾಗರ, ಸೊರಬ, ಶಿಕಾರಿಪುರ ತಾಲ್ಲೂಕುಗಳ ಸೀಮೆಯಲ್ಲಿದ್ದ ಈ ರೋಗವು 1980ರ ದಶಕದ ಆರಂಭದಲ್ಲಿ ಘಟ್ಟದ ಕೆಳಗಿನ ಬೆಳ್ತಂಗಡಿಯನ್ನೂ ಮುಟ್ಟಿತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಹಲವರನ್ನು ಬಲಿ ತೆಗೆದುಕೊಂಡಿತು.

ಕಾಡಿಗೆ ಹೋಗದೆ ಬದುಕಲಾಗದವರೇ ಇದಕ್ಕೆ ಹೆಚ್ಚಾಗಿ ತುತ್ತಾಗುವವರು. ಒಲೆಗೆ ಸೌದೆ ಬೇಕು, ಕೊಟ್ಟಿಗೆಗೆ ದರಗು ಬೇಕು, ದನಗಳಿಗೆ ಮೇವು ಬೇಕು. ಚಳಿಗಾಲದಿಂದ ಮುಂಗಾರಿನವರೆಗೆ, ಕಾಡಿನ ಕೆಲಸ ಹೆಚ್ಚಿರುವ ದಿನಗಳಲ್ಲೇ ರೋಗವೂ ಹೆಚ್ಚು. ಏಕಾಏಕಿ ಜ್ವರ, ಅಸಹನೀಯ ತಲೆನೋವು, ಮೈಕೈ ನೋವು. ಕೆಲವರಿಗೆ ಮೂಗು, ಒಸಡುಗಳಿಂದ ರಕ್ತಸ್ರಾವ. ಸಾಮಾನ್ಯವಾಗಿ ನೂರು ರೋಗಿಗಳಲ್ಲಿ 3ರಿಂದ 5 ಮಂದಿ ಸಾವಿಗೀಡಾಗುತ್ತಾರೆ. ಉಳಿದವರಲ್ಲಿಯೂ ನಿಶ್ಶಕ್ತಿ ವಾರಗಟ್ಟಲೆ ಬಿಡುವುದಿಲ್ಲ. ದುಡಿಯುವ ಕೈ ಮಲಗಿದರೆ ಕೂಲಿ ನಿಲ್ಲುತ್ತದೆ, ಸಾಲ ಬೆಳೆಯುತ್ತದೆ.

ಇಂತಹ ಮನೆಯ ಮುಂದೆ ನಿಂತವರು ಕೆಲವೊಮ್ಮೆ, "ಯಾರು ಮಾಡಿದ ಪಾಪವೋ" ಎಂದು ಪಿಸುಗುಟ್ಟುವುದುಂಟು. ಹುಟ್ಟುಕುರುಡನನ್ನು ಕಂಡ ಶಿಷ್ಯರೂ ಇದೇ ಪ್ರಶ್ನೆಯನ್ನು ಕೇಳಿದ್ದರು. ಅವನೂ ಅಲ್ಲ, ಅವನ ಹೆತ್ತವರೂ ಅಲ್ಲ ಎಂದು ಯೇಸುಸ್ವಾಮಿ ಸ್ಪಷ್ಟಪಡಿಸಿದುದನ್ನು ಸಂತ ಯೊವಾನ್ನರ ಶುಭಸಂದೇಶದಲ್ಲಿ ಓದುತ್ತೇವೆ. ಯೋಬನ ತಪ್ಪನ್ನು ಹುಡುಕಲು ಕುಳಿತ ಗೆಳೆಯರನ್ನು ದೇವರೇ ಗದರಿಸಿದರು. ನೊಂದವರಿಗೆ ತೀರ್ಪು ನೀಡುವ ಅಧಿಕಾರ ನಮಗಿಲ್ಲ. ಮೇಲಾಗಿ ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ರೋಗಿಯ ಪಕ್ಕದಲ್ಲಿ ಕುಳಿತು ಗಂಜಿ ಕುಡಿಸಲು ಹೆದರಬೇಕಾಗಿಲ್ಲ.

ಪ್ರಾರ್ಥನೆಯೊಂದೇ ಸಾಕು, ಆಸ್ಪತ್ರೆಗೆ ಹೋಗುವುದು ಅವಿಶ್ವಾಸದ ಗುರುತು ಎಂದು ಭಾವಿಸುವವರೂ ಇದ್ದಾರೆ. ಇದು ಧರ್ಮಸಭೆಯ ಬೋಧನೆಯಲ್ಲ. ಸಿರಾಖನ ಗ್ರಂಥದ 38ನೆಯ ಅಧ್ಯಾಯವು ಕಾಯಿಲೆ ಬಿದ್ದವನು ದೇವರನ್ನು ಪ್ರಾರ್ಥಿಸಲಿ, ವೈದ್ಯನಿಗೂ ಸ್ಥಾನ ಕೊಡಲಿ ಎಂದು ಬೋಧಿಸುತ್ತದೆ. ಮದ್ದನ್ನು ನೆಲದಿಂದ ಹುಟ್ಟಿಸಿದವರೂ ದೇವರೇ ಎಂದು ನೆನಪಿಸುತ್ತದೆ.

ಮಲೆನಾಡಿನ ಅನೇಕ ಕಥೋಲಿಕ ಕುಟುಂಬಗಳ ಮೂಲ ಕರಾವಳಿ. ಅಲ್ಲಿನ ಹಿರಿಯರು ಈ ಬೋಧನೆಯನ್ನು ಕಣ್ಣಾರೆ ಕಂಡಿದ್ದರು. ಯೇಸುಸಭೆಯ ಜರ್ಮನ್ ಗುರು ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯವನ್ನು ತೆರೆದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯಧಾಮವನ್ನೂ 1902ರಲ್ಲಿ ಪ್ಲೇಗ್ ಪೀಡಿತರಿಗೆ ಆಸ್ಪತ್ರೆಯನ್ನೂ ಕಟ್ಟಿದರು. ಬಲಿಪೂಜೆಯನ್ನು ಅರ್ಪಿಸುತ್ತಿದ್ದ ಕೈಗಳೇ ಮದ್ದನ್ನೂ ಹಂಚುತ್ತಿದ್ದವು. ಒಂದು ಮತ್ತೊಂದಕ್ಕೆ ಅಡ್ಡಿಯಾಗಲಿಲ್ಲ.

ಕ್ರೈಸ್ತ ಸೈರಣೆ ಎಂದರೆ ಕರ್ತವ್ಯವನ್ನು ಬಿಡದೆ ಭರವಸೆಯಿಂದ ಕಾಯುವುದು. ದಶಕಗಳ ಕಾಲ ನೀಡಲಾಗುತ್ತಿದ್ದ ಹಳೆಯ ಲಸಿಕೆಯ ಬಳಕೆ, ಅದರ ಪರಿಣಾಮ ಸಾಲದೆಂಬ ಕಾರಣದಿಂದ, 2022ರಲ್ಲಿ ನಿಂತುಹೋಯಿತು. ಆದ್ದರಿಂದ ಎಚ್ಚರಿಕೆಯೇ ದೊಡ್ಡ ರಕ್ಷೆ. ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆಯವರು ಕೊಡುವ ಡೆಪಾ ತೈಲವನ್ನು ಹಚ್ಚಿಕೊಳ್ಳಬೇಕು. ಬಂದೊಡನೆ ಬಿಸಿನೀರಿನಲ್ಲಿ ಮೈ ತೊಳೆದು ಬಟ್ಟೆ ಒಗೆಯಬೇಕು. ಸತ್ತ ಮಂಗ ಕಂಡರೆ ಅದನ್ನು ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಜ್ವರ ಬಂದರೆ ತಡಮಾಡದೆ ರಕ್ತಪರೀಕ್ಷೆ ಮಾಡಿಸಬೇಕು. ಇದಕ್ಕೆಂದೇ ಮೀಸಲಾದ ಔಷಧವಿಲ್ಲದಿದ್ದರೂ ಸಕಾಲದ ಆರೈಕೆಯಿಂದ ಜೀವ ಉಳಿಯುತ್ತದೆ.

ಇಷ್ಟೆಲ್ಲ ಮಾಡಿದರೂ ಕೆಲವು ಮನೆಗಳಲ್ಲಿ ದೀಪ ಆರುತ್ತದೆ. ಆಗ ದುಃಖಿಸುವುದು ವಿಶ್ವಾಸದ ಕೊರತೆಯಲ್ಲ. ಗೆತ್ಸೆಮನೆಯ ತೋಪಿನಲ್ಲಿ ಪ್ರಭುವೇ ಸಂಕಟದಿಂದ ಬೆವರಿದರು. ಆ ಕಷ್ಟದ ಪಾತ್ರೆ ದೂರವಾಗಲೆಂದು ಬೇಡಿ, ಬಳಿಕ ತಂದೆಯ ಚಿತ್ತಕ್ಕೆ ತಮ್ಮನ್ನು ಒಪ್ಪಿಸಿಕೊಂಡರು. ಶಿಲುಬೆಯ ಹಾದಿಯಲ್ಲಿ ಸಿರೇನಿನ ಸಿಮೋನನ ಹೆಗಲು ಅವರಿಗೂ ಬೇಕಾಯಿತು.

ಮಂಗನ ಕಾಯಿಲೆ ಉಲ್ಬಣಿಸುವ ದಿನಗಳಲ್ಲೇ ತಪಸ್ಸುಕಾಲವೂ ಬರುತ್ತದೆ. ಉಪವಾಸದಿಂದ ಉಳಿಸಿದ ಅಕ್ಕಿಯನ್ನು ಹಾಸಿಗೆ ಹಿಡಿದವರ ಮನೆಗೆ ಮುಟ್ಟಿಸೋಣ. ಅವರ ದನಗಳಿಗೆ ಒಂದು ಹೊರೆ ಮೇವು ಹಾಕೋಣ. ಆಸ್ಪತ್ರೆಗೆ ಹೋಗಲು ಜೊತೆಯಾಗೋಣ. ಸಂಜೆಯ ಜಪಸರದಲ್ಲಿ ಜಾತಿಮತಗಳ ಭೇದವಿಲ್ಲದೆ ಅವರೆಲ್ಲರನ್ನೂ ಸ್ಮರಿಸೋಣ. ಒಬ್ಬರ ಶಿಲುಬೆಗೆ ಮತ್ತೊಬ್ಬರು ಹೆಗಲು ಕೊಟ್ಟಲ್ಲಿ ಪುನರುತ್ಥಾನದ ಬೆಳಕು ಖಂಡಿತ ಮೂಡುತ್ತದೆ.