ಪುಟ್ಟ ಸೈನಿಕರಿಗೆ ನೆರಳು

ಒಂದಂಗುಲ ಎತ್ತರದ ಬೊಂಬೆಯೊಂದಕ್ಕೆ ಬಣ್ಣ ಹಾಕಲು ಎಷ್ಟು ಹೊತ್ತು ಬೇಕು? ಕಾಲು ಗಂಟೆ ಎಂದು ನೀವು ಹೇಳಬಹುದು. ನಾನೂ ಹಾಗೆಯೇ ಎಣಿಸಿದ್ದೆನು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದಲ್ಲಿ ಓದುತ್ತಿರುವ ನನ್ನ ಸೋದರಳಿಯ ರಜಕ್ಕೆಂದು ಊರಿಗೆ ಬಂದಾಗ ನಲವತ್ತು ಪ್ಲಾಸ್ಟಿಕ್ ಸೈನಿಕರನ್ನು ತಂದಿದ್ದನು. ಒಂಬತ್ತು ಸಂಜೆ ಕುಳಿತು ಅವರಲ್ಲಿ ಒಬ್ಬನಿಗೆ ಬಣ್ಣ ಹಾಕಿ ಮುಗಿಸಿದನು. ಆ ಒಬ್ಬನೇನೋ ಬಲು ಸೊಗಸಾಗಿದ್ದನು. ಉಳಿದ ಮೂವತ್ತೊಂಬತ್ತು ಮಂದಿ ಪೆಟ್ಟಿಗೆಯಲ್ಲಿ ಬೂದುಬಣ್ಣದಲ್ಲಿಯೇ ಮಲಗಿದ್ದರು.

“ಮಾವ, ಇದು ನನ್ನಿಂದ ಮುಗಿಯುವ ಕೆಲಸವಲ್ಲ. ಯಾರಿಗಾದರೂ ಕೊಟ್ಟುಬಿಡುತ್ತೇನೆ” ಎಂದನು.

“ಬೇಗ ಮಾಡುವ ದಾರಿಯೇ ಇಲ್ಲವೇನೋ?” ಎಂದು ಕೇಳಿದೆ.

“ಇವೆ. ಆದರೆ ಅವೆಲ್ಲ ಕಳ್ಳದಾರಿಗಳು” ಎಂದನು.

ಆ ಕಳ್ಳದಾರಿಗಳನ್ನು ನಾವಿಬ್ಬರೂ ಕೂಡಿ ಪರೀಕ್ಷಿಸಿದೆವು. ಅವುಗಳ ವಿಚಾರವನ್ನೇ ಇಲ್ಲಿ ನಿಮಗೆ ತಿಳಿಸಬೇಕೆಂದಿದ್ದೇನೆ.

ಮೇಜಿನ ಮೇಲೆ ಸೈನ್ಯ ಹೂಡಿ ಆಡುವ ಆಟ ನಿನ್ನೆ ಮೊನ್ನೆಯದಲ್ಲ. ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಸ್ ಎಂಬವನು ಅಧಿಕಾರಿಗಳ ಶಿಕ್ಷಣಕ್ಕೆಂದು ೧೮೨೪ರಲ್ಲಿ ಇಂಥ ಆಟದ ನಿಯಮಗಳನ್ನು ಪ್ರಕಟಿಸಿದನು. ಕಾದಂಬರಿಕಾರ ಎಚ್. ಜಿ. ವೆಲ್ಸ್ ೧೯೧೩ರಲ್ಲಿ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕ ಬರೆದು, ಆಟದ ಸೈನಿಕರನ್ನಿಟ್ಟುಕೊಂಡು ಮನೆಯಲ್ಲಿಯೇ ಯುದ್ಧವಾಡುವ ಬಗೆಯನ್ನು ತಿಳಿಸಿದನು. ೧೯೮೩ರಲ್ಲಿ ‘ವಾರ್‌ಹ್ಯಾಮರ್’ ಎಂಬ ಆಟ ಹೊರಬಂದಿತು. ಅದನ್ನು ತಯಾರಿಸುವ ಗೇಮ್ಸ್ ವರ್ಕ್‌ಷಾಪ್ ಸಂಸ್ಥೆಯ ಮುಖ್ಯ ಕಚೇರಿ ನಾಟಿಂಗ್‌ಹ್ಯಾಮಿನಲ್ಲಿಯೇ ಇದೆ. ನನ್ನ ಅಳಿಯನಿಗೆ ಈ ಹುಚ್ಚು ಹಿಡಿದದ್ದು ಹೀಗೆ. ಬೊಂಬೆಗಳ ಬಿಡಿ ಭಾಗಗಳನ್ನು ಕೊಂಡು ತಂದು, ಅಂಟಿಸಿ, ಬಣ್ಣ ಹಾಕುವುದು ಆಡುವವನ ಕೆಲಸವೇ. ಒಂದು ಸೈನ್ಯಕ್ಕೆ ಹತ್ತಾರು ಬೊಂಬೆಗಳು ಬೇಕು. ಕೆಲವೊಮ್ಮೆ ನೂರೂ ಆಗುವುದುಂಟು.

ಬಣ್ಣ ಹಾಕಿದರೆ ಸಾಲದೆ, ನೆರಳೇಕೆ ಬೇಕು ಎಂದು ನೀವು ಕೇಳಬಹುದು. ಈ ಬೊಂಬೆಗಳ ಎತ್ತರ ಸುಮಾರು ೨೮ ಮಿಲಿಮೀಟರ್. ಎಂದರೆ ಆಳಿನ ಎತ್ತರದ ಅರುವತ್ತರಲ್ಲಿ ಒಂದು ಪಾಲು. ನಿಜವಾದ ನಿಲುವಂಗಿಯಲ್ಲಿ ಒಂದಂಗುಲ ಆಳವಿರುವ ಮಡಿಕೆ ಇಲ್ಲಿ ಅರ್ಧ ಮಿಲಿಮೀಟರಿಗಿಂತಲೂ ಕಡಮೆ. ಬೇಲೂರಿನ ಶಿಲಾಬಾಲಿಕೆಯ ಆಭರಣಗಳ ಹಿಂದೆ ಶಿಲ್ಪಿ ಆಳವಾಗಿ ಕೊರೆದಿರುವುದರಿಂದ ಅಲ್ಲಿ ಬಿಸಿಲೇ ನೆರಳನ್ನು ಬರೆಯುತ್ತದೆ. ಅಂಗುಲದ ಬೊಂಬೆಯ ಮಡಿಕೆಯಲ್ಲಿ ನೆರಳು ಬಿದ್ದರೂ ಮೇಜಿನಾಚೆ ಕುಳಿತವನ ಕಣ್ಣಿಗೆ ಅದು ನಿಲುಕದು. ಒಂದೇ ಬಣ್ಣ ಬಳಿದ ಬೊಂಬೆ ಅಚ್ಚುಬೆಲ್ಲದ ತುಂಡಿನಂತೆ ಮೊದ್ದಾಗಿ ಕಾಣುತ್ತದೆ. ಆದ್ದರಿಂದ ತಗ್ಗಿನಲ್ಲಿ ಕಪ್ಪನ್ನೂ ಉಬ್ಬಿನಲ್ಲಿ ಬೆಳಕನ್ನೂ ನಾವೇ ಬರೆಯಬೇಕು.

ಇದು ನಮ್ಮ ಹಿಂದಿನವರಿಗೆ ತಿಳಿಯದ ವಿಷಯವಲ್ಲ. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರದಲ್ಲಿ ಈ ಕ್ರಮಕ್ಕೆ ‘ವರ್ತನಾ’ ಎಂದು ಹೆಸರಿಟ್ಟು ಅದರಲ್ಲಿ ಮೂರು ಬಗೆಗಳನ್ನು ಹೇಳಿದೆ. ಚುಕ್ಕೆಯಿಟ್ಟು ಮಾಡುವುದು ಅವುಗಳಲ್ಲೊಂದು. ಆದರೆ ಅವೆಲ್ಲವೂ ಕೈಯ ಕೆಲಸ. ಅಳಿಯ ಒಂಬತ್ತು ಸಂಜೆ ಮಾಡಿದ್ದೂ ಅದನ್ನೇ; ಒಂದೊಂದು ಮಡಿಕೆಗೂ ನಾಲ್ಕೈದು ಪದರ ಬಣ್ಣವಿಟ್ಟಿದ್ದನು. ಇನ್ನು ಮುಂದೆ ಹೇಳುವ ವಿಧಾನಗಳಲ್ಲಿ ಕೈ ಮಾಡುವುದು ಸ್ವಲ್ಪ. ಹೆಚ್ಚಿನದನ್ನು ಬೊಂಬೆಯ ಉಬ್ಬುತಗ್ಗುಗಳೇ ಮಾಡಿಕೊಳ್ಳುತ್ತವೆ.

ಮೊದಲನೆಯದು ‘ವಾಷ್’. ಬಣ್ಣವನ್ನು ಬಹಳ ತೆಳ್ಳಗೆ ಮಾಡಿ ಬೊಂಬೆಯ ಮೇಲೆ ಹರಿಯಬಿಟ್ಟರೆ ಅದು ತಾನಾಗಿ ತಗ್ಗಿಗೆ ಇಳಿದು ನಿಲ್ಲುತ್ತದೆ. ಉಬ್ಬಿನ ಮೇಲೆ ನಸುವಾಗಿ ಮಾತ್ರ ಉಳಿಯುತ್ತದೆ. ಕೆಂಪು, ಹಸುರು, ಮೈಬಣ್ಣ ಎಲ್ಲಕ್ಕೂ ಒಂದೇ ಕಂದು ವಾಷ್ ಸಾಕು. ಅದು ಎಲ್ಲವನ್ನೂ ಕೊಂಚ ಮಂಕು ಮಾಡುವುದರಿಂದ ಕೆಳಗಿನ ಬಣ್ಣಗಳನ್ನು ಒಂದು ಪಟ್ಟು ತಿಳಿಯಾಗಿಯೇ ಆರಿಸಿಕೊಳ್ಳಬೇಕು. ಇಲ್ಲಿ ಒಂದು ಎಚ್ಚರಿಕೆ. ತಟ್ಟೆಯ ಮೇಲೆ ಚೆಲ್ಲಿದ ಕಾಫಿಯ ಹನಿ ಒಣಗಿದಾಗ ಅಂಚಿನಲ್ಲಿ ಕಪ್ಪು ಉಂಗುರ ಉಳಿಯುವುದನ್ನು ನೀವು ದಿನವೂ ನೋಡಿದ್ದೀರಿ. ಹನಿಯ ಅಂಚು ಬೇಗ ಆರುತ್ತದೆ. ಆರಿದಲ್ಲಿಗೆ ನಡುವಿನ ನೀರು ಕಣಗಳನ್ನು ಹೊತ್ತುಕೊಂಡು ಹರಿಯುತ್ತದೆ. ಇದಕ್ಕೆ ೧೯೯೭ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ವಿಜ್ಞಾನಿಗಳು ವಿವರಣೆ ಕೊಟ್ಟರು. ಗುರಾಣಿಯಂಥ ಚಪ್ಪಟೆ ಜಾಗದಲ್ಲಿ ವಾಷ್ ನಿಂತರೆ ಇದೇ ಉಂಗುರ ಬೀಳುತ್ತದೆ. ಅದು ಹಸಿಯಾಗಿರುವಾಗಲೇ ಒಣಗಿದ ಕುಂಚದ ತುದಿಯಿಂದ ಹೀರಿ ತೆಗೆಯಬೇಕು.

ಎರಡನೆಯದು ಅದ್ದುವುದು. ಮರಕ್ಕೆ ಬಳಿಯುವ ಕಂದುಬಣ್ಣದ ಪಾಲಿಯುರೆಥೇನ್ ವಾರ್ನಿಷಿನಲ್ಲಿ ಬೊಂಬೆಯನ್ನು ಮುಳುಗಿಸಿ, ತೆಗೆದು, ಹೆಚ್ಚಿನದನ್ನು ಜಾಡಿಸಿಬಿಡುವ ಉಪಾಯವಿದು. ೨೦೦೭ರಲ್ಲಿ ಡೆನ್ಮಾರ್ಕಿನಲ್ಲಿ ಪ್ರಾರಂಭವಾದ ‘ಆರ್ಮಿ ಪೇಂಟರ್’ ಸಂಸ್ಥೆ ಇದಕ್ಕಾಗಿಯೇ ತಯಾರಿಸಿದ ವಾರ್ನಿಷನ್ನು ಮಾರಾಟಕ್ಕೆ ತಂದಿತು. ನೆರಳು, ಕಾಪು ಎರಡೂ ಒಂದೇ ಸಲಕ್ಕೆ ದೊರೆಯುತ್ತವೆ. ಈ ಕೆಲಸವನ್ನು ಅಂಗಳದಲ್ಲಿ, ಹಳೆಯ ಪತ್ರಿಕೆ ಹಾಸಿ ಮಾಡಬೇಕು; ಅದರ ಹೊಗೆವಾಸನೆ ಮನೆಯೊಳಗೆ ಒಳ್ಳೆಯದಲ್ಲ. ಒಂದು ದಿನ ಪೂರ್ತಿ ಒಣಗಲು ಬಿಡಿ. ಆಮೇಲೆ ಬೊಂಬೆ ಜಿಡ್ಡು ಮೆತ್ತಿದಂತೆ ಹೊಳೆಯುವುದರಿಂದ, ಹೊಳಪಿಲ್ಲದ ವಾರ್ನಿಷನ್ನು ತುಂತುರಾಗಿ ಸಿಂಪಡಿಸಬೇಕು. ಮಳೆಗಾಲದ ತೇವದ ದಿನ ಇದನ್ನು ಮಾಡಿದರೆ ಬೊಂಬೆಯ ಮೇಲೆ ಮಂಜು ಕವಿದಂತೆ ಬಿಳುಪು ಕೂರುವುದುಂಟು.

ಮೂರನೆಯದು ಒಣಕುಂಚ. ಕುಂಚಕ್ಕೆ ತಿಳಿಬಣ್ಣ ಹಚ್ಚಿ, ಬಟ್ಟೆಯ ಮೇಲೆ ಒರೆಸಿ ಒರೆಸಿ, ಇನ್ನು ಬಣ್ಣವೇ ಉಳಿದಿಲ್ಲ ಎನ್ನಿಸಿದಾಗ ಬೊಂಬೆಯ ಮೇಲೆ ಮೆಲ್ಲಗೆ ಆಡಿಸಬೇಕು. ಉಬ್ಬಿದ ಅಂಚುಗಳಿಗೆ ಮಾತ್ರ ಬಣ್ಣ ಹತ್ತುತ್ತದೆ. ಕೂದಲು, ರೋಮ, ಸರಪಳಿಯ ಅಂಗಿ ಇವಕ್ಕೆ ಇದು ಬಹಳ ಒಪ್ಪುತ್ತದೆ. ನುಣುಪಾದ ಮುಖಕ್ಕೆ ಒಪ್ಪುವುದಿಲ್ಲ, ಹಿಟ್ಟು ಉದುರಿಸಿದಂತಾಗುತ್ತದೆ.

ನಾಲ್ಕನೆಯದು ಎಲ್ಲ ಬಣ್ಣಕ್ಕೂ ಮೊದಲೇ ನೆರಳನ್ನು ಇಟ್ಟುಬಿಡುವ ಕ್ರಮ. ಬೊಂಬೆಗೆ ಪೂರ್ತಿ ಕಪ್ಪು ಬಳಿದು, ನೆತ್ತಿಯ ಮೇಲಿನಿಂದ ಮಾತ್ರ ಬಿಳಿಯನ್ನು ಸಿಂಪಡಿಸುತ್ತಾರೆ. ನಡುಹಗಲಿನ ಸೂರ್ಯನ ಬೆಳಕು ಬೀಳುವ ಕಡೆಯೆಲ್ಲ ಬಿಳುಪು, ತೋಳಿನಡಿ, ಗಡ್ಡದಡಿ ಕಪ್ಪು ಉಳಿಯುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಜೆನಿಥಲ್’ ಎನ್ನುತ್ತಾರೆ. ನಮ್ಮ ಜ್ಯೋತಿಷಿಗಳ ‘ಖಮಧ್ಯ’ವೆಂಬ ಮಾತಿಗೆ ಅದು ಸರಿಯಾಗಿದೆ. ಇದರ ಮೇಲೆ ಒಳಗಿನದು ಕಾಣುವಂಥ ತೆಳುಬಣ್ಣ ಹಾಕಿದರೆ ನೆರಳು ತಾನಾಗಿ ತೋರುತ್ತದೆ. ೨೦೧೯ರಲ್ಲಿ ಗೇಮ್ಸ್ ವರ್ಕ್‌ಷಾಪ್ ಹೊರತಂದ ‘ಕಾಂಟ್ರಾಸ್ಟ್’ ಬಣ್ಣಗಳು ಇಂಥವು. ತಿಳಿಯಾದ ತಳದ ಮೇಲೆ ಒಂದೇ ಸಲ ಬಳಿದರೆ ಬಣ್ಣವೂ ನೆರಳೂ ಒಟ್ಟಿಗೆ ಬರುತ್ತವೆ.

ಇಷ್ಟಲ್ಲದೆ ಕೆಲಸದ ಸರದಿಯನ್ನೂ ಬದಲಾಯಿಸಬೇಕು. ಒಬ್ಬನನ್ನು ಮುಗಿಸಿ ಇನ್ನೊಬ್ಬನಿಗೆ ಹೋಗಬಾರದು. ಸಾಲಾಗಿ ನಿಲ್ಲಿಸಿ ಎಲ್ಲರ ಅಂಗಿ, ಆಮೇಲೆ ಎಲ್ಲರ ಬೂಟು, ಆಮೇಲೆ ಎಲ್ಲರ ಮುಖ ಎಂದು ಸಾಗಬೇಕು. ಕೊನೆಯವನನ್ನು ಮುಗಿಸುವಷ್ಟರಲ್ಲಿ ಮೊದಲನೆಯವನು ಒಣಗಿರುತ್ತಾನೆ. ನಾವು ಹದಿಮೂರು ಹದಿಮೂರರಂತೆ ಮೂರು ಸಾಲು ಮಾಡಿಕೊಂಡು, ಕಂದು ವಾಷನ್ನೂ ಒಣಕುಂಚವನ್ನೂ ಬಳಸಿದೆವು. ಅಳಿಯನ ರಜ ಮುಗಿಯಲು ಎರಡು ದಿನ ಇರುವಾಗಲೇ ಮೂವತ್ತೊಂಬತ್ತೂ ಮುಗಿದವು.

ಹತ್ತಿರ ಹಿಡಿದು ನೋಡಿದರೆ ಅವು ಮೊದಲನೆಯ ಬೊಂಬೆಗೆ ಸಮವಲ್ಲ. ಇಬ್ಬರು ಮೂವರ ಮುಖ ಕೆಸರು ಮೆತ್ತಿದಂತೆಯೇ ಇತ್ತು. ಆದರೆ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದಾಗ ಕಣ್ಣಿಗೆ ಕಂಡದ್ದು ಒಬ್ಬೊಬ್ಬನಲ್ಲ, ಸೈನ್ಯ. ಒಂಬತ್ತು ಸಂಜೆಯ ಸೈನಿಕನನ್ನು ದಳಪತಿಯನ್ನಾಗಿ ಮಾಡಿ ಮುಂದೆ ನಿಲ್ಲಿಸಿದೆವು. “ಇದು ಕಳ್ಳದಾರಿಯಲ್ಲ ಮಾವ” ಎಂದು ಅಳಿಯನೇ ಒಪ್ಪಿಕೊಂಡನು.

ನಿಮ್ಮ ಮನೆಯಲ್ಲಿಯೂ ಇಂಥ ಹುಡುಗನೋ ಹುಡುಗಿಯೋ ಇದ್ದರೆ ಅಥವಾ ನವರಾತ್ರಿಗೆ ಸಣ್ಣ ಮಣ್ಣಿನ ಬೊಂಬೆಗಳಿಗೆ ನೀವೇ ಬಣ್ಣ ಹಾಕುವುದಿದ್ದರೆ ವಾಷನ್ನು ಪರೀಕ್ಷಿಸಿ ನೋಡಿ. ಮಣ್ಣು ನೀರನ್ನು ಕುಡಿದುಬಿಡುವುದರಿಂದ ಮೊದಲು ಪ್ರೈಮರ್ ಬಳಿದು ಒಣಗಿಸಿರಿ. ಮೊದಲ ಪ್ರಯೋಗ ಮುರಿದ ಬೊಂಬೆಯ ಮೇಲೆ ನಡೆಯಲಿ.

ಕೊನೆಗೆ ನನ್ನದೇ ಒಂದು ಮಾತು. ಇಪ್ಪತ್ತೈದು ವರ್ಷಗಳ ಹಿಂದೆ, ಶಾಲೆಯ ಮಕ್ಕಳಿಗೆ ತಿಳಿಯುವಂತೆ, ಹಳಗನ್ನಡ ಕಾವ್ಯವೊಂದಕ್ಕೆ ಟೀಕೆ ಬರೆಯತೊಡಗಿದೆನು. ಮೊದಲನೆಯ ಆಶ್ವಾಸವನ್ನು ಏಳು ಸಲ ತಿದ್ದಿದೆನು. ಎರಡನೆಯದಕ್ಕೆ ಹೋಗಲೇ ಇಲ್ಲ. ಅಳಿಯನನ್ನು ಬಸ್ಸು ಹತ್ತಿಸಿ ಬಂದ ರಾತ್ರಿ ಆ ಹಸ್ತಪ್ರತಿಯನ್ನು ಬೀರುವಿನಿಂದ ಹೊರತೆಗೆದೆನು. ಈಗ ಮೂರನೆಯ ಆಶ್ವಾಸ ನಡೆದಿದೆ. ಕಠಿನವಾದ ಕಡೆಗಳಲ್ಲಿ ಮಾತ್ರ ನಿಂತು ಅರ್ಥ ಬರೆಯುತ್ತ, ಉಳಿದಲ್ಲಿ ಮುಂದೆ ಸಾಗುತ್ತಿದ್ದೇನೆ.