ಸೂರಕ್ಕಿಯ ನಾಲಿಗೆ

ಮನೆಯಂಗಳದ ದಾಸವಾಳಕ್ಕೆ ಬರುವ ಪುಟ್ಟ ಹಕ್ಕಿಯ ಚಿತ್ರ ಕಳುಹಿಸಿ, ‘ಇದು ಹಮ್ಮಿಂಗ್‌ಬರ್ಡ್ ತಾನೇ?’ ಎಂದು ಮಣಿಪಾಲದ ಓದುಗರೊಬ್ಬರು ಕೇಳಿದ್ದಾರೆ. ಅಲ್ಲ. ಹಮ್ಮಿಂಗ್‌ಬರ್ಡ್‌ಗಳಿರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಚಿತ್ರದಲ್ಲಿರುವುದು ನೇರಳೆ ಸೊಂಟದ ಸೂರಕ್ಕಿ. ಸೂರಕ್ಕಿಗಳ ದೊಡ್ಡ ಬಳಗ ಇರುವುದು ಆಫ್ರಿಕಾದಲ್ಲಿ. ನಮ್ಮ ಕರಾವಳಿಗೂ ಕೆಲವು ದಕ್ಕಿವೆ. ಉಡುಪಿ, ಕಾಪುವಿನ ತೋಟಗಳಲ್ಲಿ ಉದ್ದ ಬಾಗುಕೊಕ್ಕಿನ ಲೋಟೆನ್ ಸೂರಕ್ಕಿಯೂ ಸಿಗುತ್ತದೆ. 18ನೇ ಶತಮಾನದಲ್ಲಿ ಸಿಲೋನಿನ ಡಚ್ ಗವರ್ನರ್ ಆಗಿದ್ದ ಲೋಟೆನ್ ಹೆಸರನ್ನು ಲಿನೇಯಸ್ 1766ರಲ್ಲಿ ಇದಕ್ಕೆ ಇಟ್ಟ. ಕಾರ್ಕಳದಿಂದ ಘಟ್ಟದ ಕಡೆ ಹೋದರೆ ಕಿರುಸೂರಕ್ಕಿ ಕಾಣಬಹುದು; ಅದು ಪಶ್ಚಿಮಘಟ್ಟ ಸೀಮೆ ಬಿಟ್ಟು ಬೇರೆಲ್ಲೂ ಇಲ್ಲ.

ಹಮ್ಮಿಂಗ್‌ಬರ್ಡ್, ಸೂರಕ್ಕಿ ಎರಡೂ ಮಕರಂದ ಕುಡಿಯುತ್ತವೆ, ಎರಡೂ ಮಿರುಗುತ್ತವೆ. ಆದರೆ ಕುಡಿಯುವ ಬಗೆಯೇ ಬೇರೆ. ಹಮ್ಮಿಂಗ್‌ಬರ್ಡಿನ ನಾಲಿಗೆ ಮಕರಂದದಲ್ಲಿ ಅರಳಿ, ಹಿಂದೆ ಬರುವಾಗ ಮುಚ್ಚಿಕೊಂಡು ದ್ರವವನ್ನು ಹಿಡಿದು ತರುತ್ತದೆ ಎಂದು 2011ರಲ್ಲಿ ತಿಳಿಯಿತು. ಸೂರಕ್ಕಿಯ ಗುಟ್ಟು ಬಯಲಾದದ್ದು 2025ರಲ್ಲಿ. ಸಂಶೋಧಕ ಡೇವಿಡ್ ಕ್ಯೂಬನ್ ಮತ್ತು ಸಂಗಡಿಗರು ವೇಗದ ಕ್ಯಾಮೆರಾ ಹಿಡಿದು ನೋಡಿದಾಗ, ಅದು ನಾಲಿಗೆಯಿಂದಲೇ ಹೀರುವುದು ಕಂಡಿತು.

ಬೊಂಡಕ್ಕೆ ಸ್ಟ್ರಾ ಇಟ್ಟು ಕುಡಿಯುವಾಗ ನಾವು ತುಟಿಯನ್ನು ಬಿಗಿಯಾಗಿ ಮುಚ್ಚಿ, ಕೆನ್ನೆಯನ್ನು ಒಳಗೆ ಎಳೆದುಕೊಳ್ಳುತ್ತೇವೆ. ಗಾಳಿ ನುಸುಳಿದರೆ ನೀರು ಮೇಲೇರದು. ಹಕ್ಕಿಗೆ ತುಟಿಯೂ ಇಲ್ಲ, ಅಂಥ ಕೆನ್ನೆಯೂ ಇಲ್ಲ. ಅದರ ಉದ್ದ ನಾಲಿಗೆಯೇ ಸುರುಳಿಸುತ್ತಿ ನಳಿಗೆಯಾಗಿದೆ. ಬುಡವನ್ನು ಅಂಗುಳಕ್ಕೆ ಒತ್ತಿ ಕೆಳಗಿಳಿಸಿದೊಡನೆ ನಳಿಗೆಯೊಳಗೆ ಒತ್ತಡ ತಗ್ಗಿ, ಮಕರಂದ ಏರಿಬರುತ್ತದೆ. ಹತ್ತು ಗ್ರಾಮಿನ ಆಸುಪಾಸಿನ ಜೀವದ ಬಾಯೊಳಗೆ ಇಂಥ ಪಂಪು! ನಾಲಿಗೆಯೊಳಗಿಂದಲೇ ಹೀರುವ ಬೇರೊಂದು ಕಶೇರುಕ ಪ್ರಾಣಿ ಅದುವರೆಗೆ ಗೊತ್ತಿರಲಿಲ್ಲ.

ದಾಸವಾಳದಲ್ಲಿ ಮಾತ್ರ ಅದು ಎಷ್ಟೋ ಸಲ ಎದುರು ಬಾಗಿಲಿಂದ ಹೋಗುವುದಿಲ್ಲ; ಹೂವಿನ ಬುಡಕ್ಕೆ ಕೊಕ್ಕು ಚುಚ್ಚಿ, ಪರಾಗ ಮುಟ್ಟದೆ ಮಕರಂದ ಕದಿಯುತ್ತದೆ. ಮಾವಿನ ಮರದ ಬಂದಳಿಕೆಗೆ ಬಂದರೆ ಪರಾಗ ಹೊತ್ತೊಯ್ದು ಋಣ ತೀರಿಸುತ್ತದೆ.

ಓದುಗರು ಸಕ್ಕರೆನೀರು ಇಡಬಹುದೇ ಎಂದೂ ಕೇಳಿದ್ದಾರೆ. ಮರಿಗಳು ಬೆಳೆಯಲು ಬೇಕಾದದ್ದು ಸಕ್ಕರೆನೀರಲ್ಲ; ಹುಳ, ಜೇಡ. ಗೂಡಿನ ನಾರುಗಳನ್ನು ಹೆಣ್ಣುಹಕ್ಕಿ ಬಿಗಿಯುವುದೂ ಜೇಡರ ನೂಲಿನಿಂದಲೇ. ಆದ್ದರಿಂದ ಸಕ್ಕರೆನೀರಿನ ಬಟ್ಟಲು ಬೇಡ, ಹೂಗಿಡಗಳಿಗೆ ಕೀಟನಾಶಕ ಹೊಡೆಯಬೇಡಿ, ಚಾವಡಿ ಮಾಡಿನ ಮೂಲೆಯ ಬಲೆಯನ್ನು ಗುಡಿಸದೆ ಬಿಡಿ.